ಪ್ರಿಂಟ್‌ಕೆ ಸೇರಿಸಿದರೆ ಕಾಣದಾಗುತ್ತಿದ್ದ ದೋಷ

ಮಲ್ಪೆ ಬಂದರಿನ ತೂಕದ ಯಂತ್ರಗಳಿಂದ ಸೀರಿಯಲ್ ಪೋರ್ಟ್ ಮೂಲಕ ಮಾಹಿತಿ ಪಡೆಯುವ ನಮ್ಮ ಲಿನಕ್ಸ್ ಡ್ರೈವರ್‌ನಲ್ಲಿ ಆಗಾಗ ಕೆಲವು ಬೈಟ್‌ಗಳು ಕಳೆದುಹೋಗುತ್ತಿದ್ದವು. ದೋಷ ಹುಡುಕಲು ಪ್ರಿಂಟ್‌ಕೆ (ಕರ್ನೆಲ್, ಅಂದರೆ ಲಿನಕ್ಸ್‌ನ ಒಳತಿರುಳು, ಸಂದೇಶ ಮುದ್ರಿಸಲು ಬಳಸುವ ಫಂಕ್ಷನ್) ಸೇರಿಸಿದೊಡನೆ ಸಮಯದ ಲೆಕ್ಕವೇ ಬದಲಾಗಿ ದೋಷ ಕಾಣದಂತಾಗುತ್ತಿತ್ತು. ಆದ್ದರಿಂದ, 2008ರ 2.6.28 ಆವೃತ್ತಿಯಿಂದಲೂ ಕರ್ನೆಲ್‌ನಲ್ಲಿರುವ ಟ್ರೇಸ್‌ಪಾಯಿಂಟ್ (ಕೋಡ್‌ನಲ್ಲಿ ಗುರುತಿಟ್ಟು, ಬೇಕಾದಾಗ ಅಲ್ಲಿನ ಮಾಹಿತಿ ದಾಖಲಿಸುವ) ಸೌಲಭ್ಯವನ್ನು ಬಳಸಿ, ಬೈಟ್ ಬಂದಾಗ ಓಡುವ ಇಂಟರಪ್ಟ್ ಹ್ಯಾಂಡ್ಲರ್ ಅದನ್ನು ಬಫರ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಹಾಕುವಲ್ಲಿ ಒಂದು ಗುರುತನ್ನೂ ಉಳಿದ ಕೆಲಸವನ್ನು ನಂತರ ಸರದಿಯಲ್ಲಿ ಮಾಡುವ ವರ್ಕ್‌ಕ್ಯೂ ಅದನ್ನು ತೆಗೆಯುವಲ್ಲಿ ಇನ್ನೊಂದನ್ನೂ ಇಟ್ಟೆ. ಅವುಗಳಿಗೆ ಫಂಕ್ಷನ್‌ನ ಹೆಸರಿಡದೆ ಘಟನೆಯ ಹೆಸರಿಟ್ಟೆ. ಫಂಕ್ಷನ್‌ಗಳು ನಾಳೆ ಬದಲಾದಾವು, ಬೈಟ್ ಬರುವ ಘಟನೆ ಬದಲಾಗದು.

ಸ್ಟ್ಯಾಟಿಕ್ ಕೀ (ಓಡುತ್ತಿರುವಾಗಲೇ ಕೋಡನ್ನು ತಿದ್ದಿ ಒಂದು ಕವಲನ್ನು ಚಾಲೂ ಅಥವಾ ಬಂದ್ ಮಾಡುವ ಸೌಲಭ್ಯ) ಇರುವ ಕರ್ನೆಲ್‌ನಲ್ಲಿ, ಚಾಲೂ ಮಾಡದ ಟ್ರೇಸ್‌ಪಾಯಿಂಟ್ ಕೋಡ್‌ನ ದಾರಿಯಲ್ಲಿ ಏನೂ ಮಾಡದ ಒಂದು ನಾಪ್ ಸೂಚನೆಯಷ್ಟೇ ಉಳಿಯುತ್ತದೆ. ಆದರೆ ಟ್ರೇಸ್‌ಪಾಯಿಂಟ್‌ಗೆ ಕೊಡುವ ಆರ್ಗ್ಯುಮೆಂಟ್‌ನೊಳಗೇ ಬೇರೊಂದು ಫಂಕ್ಷನ್ ಕರೆದರೆ, ಟ್ರೇಸ್ ನಿಂತಿದ್ದಾಗಲೂ ಆ ಕರೆ ನಡೆಯುವ ಸಂಭವವಿದೆ; ಈ ಅಗ್ಗದ ಗುರುತು ದುಬಾರಿಯಾಗುವುದು ಬಹುಪಾಲು ಇಲ್ಲಿಯೇ. ಆದಕಾರಣ ಬಫರ್‌ನ ಹೆಡ್ (ಮುಂದಿನ ಬೈಟ್ ಹಾಕುವ ಜಾಗ), ಟೇಲ್ (ಮುಂದಿನ ಬೈಟ್ ತೆಗೆಯುವ ಜಾಗ) ಮೌಲ್ಯಗಳನ್ನು ಇದ್ದ ಹಾಗೆಯೇ ದಾಖಲಿಸಿ, ಅವುಗಳ ವ್ಯತ್ಯಾಸದ ಲೆಕ್ಕವನ್ನು ಮುದ್ರಣದ ಹಂತಕ್ಕೆ ಬಿಟ್ಟೆ.

ಬೈಟ್ ಕಳೆದ ಕಡೆಯಲ್ಲೆಲ್ಲ ಟ್ರೇಸ್‌ನಲ್ಲಿ ‘ಹೆಡ್=255 ಟೇಲ್=0’ ಎಂಬಂಥ ಸಾಲುಗಳು ಕಂಡವು, ಅಂದರೆ ಒಂದು ಜಾಗವನ್ನು ಸದಾ ಖಾಲಿ ಬಿಡುವ 256 ಬೈಟ್‌ಗಳ ವೃತ್ತಾಕಾರದ ಬಫರ್ ತುಂಬಿತ್ತು. ಅದೇ ಸಿಪಿಯುವಿನಲ್ಲಿ ಲಾಗ್ ಸಂಕುಚಿಸುವ ಕೆಲಸವೊಂದು ಬಿಡದೆ ಓಡಿ ನಮ್ಮ ಕೆಲಸವನ್ನು ಕಾಯಿಸುತ್ತಿತ್ತು. ಡ್ರೈವರ್‌ಗೆ ಹೆಚ್ಚಿನ ಆದ್ಯತೆಯ ಪ್ರತ್ಯೇಕ ವರ್ಕ್‌ಕ್ಯೂ ಕೊಟ್ಟ ಮೇಲೆ ಬೈಟ್ ನಷ್ಟ ನಿಂತಿತು.