ಎನ್‌ಎಫ್‌ಎಲ್: ಈ ವಾರ ಗೆಲ್ಲೋರು ಯಾರು? ಲೆಕ್ಕ ಹಾಕುವುದು ಹೀಗೆ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಆ ವಾರದ ಪಂದ್ಯಗಳೆಲ್ಲ ಅದರಲ್ಲಿರುತ್ತವೆ. ಒಂದೊಂದು ಪಂದ್ಯಕ್ಕೂ ಗೆಲ್ಲುವ ತಂಡಕ್ಕೆ ಗುರುತು ಹಾಕಿ ಕೊಡಬೇಕು. ಈ ಊಹೆಯ ಆಟಕ್ಕೆ ಪೂಲ್ ಎನ್ನುತ್ತಾರೆ. ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದಲ್ಲಿ ಕೆಲಸ ಮಾಡುವ ನಮ್ಮವರ ಕೈಗೂ ಅದು ಬರುತ್ತದೆ. ಕ್ರಿಕೆಟ್ ನೋಡಿ ಬೆಳೆದವರು ಹೆಸರು ಚೆನ್ನಾಗಿದೆ ಅಂತ ಸುಮ್ನೆ ಒಂದು ತಂಡಕ್ಕೆ ಟಿಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ವಾರದಲ್ಲಿ ಒಂದು ಗಂಟೆ ಕೊಟ್ಟರೆ ಅದಕ್ಕಿಂತ ಎಷ್ಟೋ ಚೆನ್ನಾಗಿ ಆಡಬಹುದು. ಆಟದ ಒಳಗುಟ್ಟೆಲ್ಲ ಗೊತ್ತಿರಬೇಕು ಅಂತೇನಿಲ್ಲ.

ಲೀಗಿನಲ್ಲಿ 32 ತಂಡಗಳಿವೆ. 18 ವಾರಗಳಲ್ಲಿ ಪ್ರತಿ ತಂಡ 17 ಪಂದ್ಯ ಆಡುತ್ತದೆ, ಒಂದು ವಾರ ರಜೆ. ಯಾರಿಗೂ ರಜೆ ಇಲ್ಲದ ವಾರ 16 ಪಂದ್ಯಗಳಿರುತ್ತವೆ. ಹೆಚ್ಚಿನವು ಭಾನುವಾರ. ಗುರುವಾರ ರಾತ್ರಿ, ಸೋಮವಾರ ರಾತ್ರಿಯೂ ಆಟ ಇರುತ್ತದೆ.

ಮಂಗಳವಾರ: ಮೊದಲು ಸ್ಪ್ರೆಡ್ ಬರೆದುಕೊಳ್ಳಿ

ಪ್ರತಿ ಪಂದ್ಯಕ್ಕೂ ಬುಕಿಗಳು ಒಂದು ಸಂಖ್ಯೆ ಇಟ್ಟಿರುತ್ತಾರೆ. ಅದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಅಮೆರಿಕದ ಕ್ರೀಡಾ ಪುಟಗಳಲ್ಲೆಲ್ಲ ಅದು ಸಿಗುತ್ತದೆ. ತಂಡದ ಹೆಸರಿನ ಮುಂದೆ -7 ಎಂದಿದ್ದರೆ ಆ ತಂಡವೇ ಫೇವರಿಟ್, ಸುಮಾರು ಏಳು ಅಂಕಗಳಿಂದ ಗೆಲ್ಲಬಹುದು ಎಂಬ ಅಂದಾಜು. ಮೈನಸ್ ನೋಡಿ ಹಿಂದೆ ಬಿದ್ದ ತಂಡ ಅಂದುಕೊಳ್ಳಬೇಡಿ.

ಈ ಸಂಖ್ಯೆಯ ಹಿಂದೆ ದೊಡ್ಡ ದುಡ್ಡಿದೆ. ಗಾಯ, ಹವಾಮಾನ, ಪ್ರಯಾಣ ಎಲ್ಲವನ್ನೂ ಅಳೆದು ತೂಗಿಯೇ ಅದನ್ನು ಇಟ್ಟಿರುತ್ತಾರೆ. ಹಾಗಾಗಿ ಬಿಟ್ಟಿಯಾಗಿ ಸಿಗುವ ಒಳ್ಳೆಯ ಸಲಹೆ ಇದು. ಫೇವರಿಟ್ ತಂಡಗಳು ಮೂರರಲ್ಲಿ ಸುಮಾರು ಎರಡು ಪಂದ್ಯ ಗೆಲ್ಲುತ್ತವೆ. ಕಣ್ಣು ಮುಚ್ಚಿ ಎಲ್ಲಾ ಫೇವರಿಟ್‌ಗಳಿಗೆ ಟಿಕ್ ಹಾಕಿದರೂ 16ರಲ್ಲಿ ಹತ್ತೋ ಹನ್ನೊಂದೋ ಸರಿಯಾಗುತ್ತವೆ. ಟಿವಿಯಲ್ಲಿ ಕೂತು ಮಾತಾಡುವ ಪಂಡಿತರಲ್ಲೂ ಹಲವರು ಇದನ್ನು ದಾಟಲು ಒದ್ದಾಡುತ್ತಾರೆ. ಇಲ್ಲಿಂದ ಶುರು ಮಾಡಿ. ಕಾರಣ ಇದ್ದಾಗ ಮಾತ್ರ ಬದಲಿಸಿ.

3 ಮತ್ತು 7 ಎಂಬ ಅಂತರಗಳಿಗೆ ಇಲ್ಲಿ ವಿಶೇಷ ತೂಕ. ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸುವ ಫೀಲ್ಡ್ ಗೋಲಿಗೆ ಮೂರು ಅಂಕ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನಿಗೆ ಆರು, ಅದರ ಮೇಲಿನ ಒದೆತಕ್ಕೆ ಒಂದು, ಒಟ್ಟು ಏಳು. ಬಹಳ ಪಂದ್ಯಗಳು ಈ ಅಂತರಗಳಲ್ಲೇ ಮುಗಿಯುತ್ತವೆ. -3 ಇರುವ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ ಅರವತ್ತರ ಆಸುಪಾಸು. -7 ಇದ್ದರೆ ಎಪ್ಪತ್ತು ದಾಟುತ್ತದೆ.

ಸಂಖ್ಯೆ ನೋಡಿದ ಮಾತ್ರಕ್ಕೆ ದುಡ್ಡು ಕಟ್ಟಬೇಕಿಲ್ಲ, ಅಲ್ವಾ? ಅಮೆರಿಕದಲ್ಲಿ ಬಾಜಿಯ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಭಾರತದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಇಲ್ಲಿ ಹೇಳುತ್ತಿರುವುದು ಗೆಳೆಯರ ನಡುವಿನ ಊಹೆಯ ಆಟ, ಅಷ್ಟೇ.

ಬುಧವಾರ: ಗೆಲುವು ಎಣಿಸಬೇಡಿ, ಅಂಕ ಎಣಿಸಿ

ಹೊಸಬರು ಮೊದಲು ನೋಡುವುದು ಎಷ್ಟು ಗೆಲುವು, ಎಷ್ಟು ಸೋಲು ಎಂದು. ಅದು ಮೋಸ ಮಾಡುತ್ತದೆ. ತಂಡ ಗಳಿಸಿದ ಒಟ್ಟು ಅಂಕ, ಬಿಟ್ಟುಕೊಟ್ಟ ಒಟ್ಟು ಅಂಕ, ಇವೆರಡರ ವ್ಯತ್ಯಾಸ ನೋಡಿ. ಐಪಿಎಲ್‌ನಲ್ಲಿ ನೆಟ್ ರನ್ ರೇಟ್ ಲೆಕ್ಕ ಹಾಕುವವರಿಗೆ ಇದು ಬೇಗ ಹಿಡಿಸುತ್ತದೆ.

2022ರ ಮಿನೆಸೋಟಾ ವೈಕಿಂಗ್ಸ್ ತಂಡವನ್ನೇ ನೋಡಿ. 13 ಗೆಲುವು, 4 ಸೋಲು. ಪಟ್ಟಿಯಲ್ಲಿ ದೈತ್ಯ ತಂಡ. ಆದರೆ ಅವರು ಗಳಿಸಿದ್ದು 424 ಅಂಕ, ಕೊಟ್ಟಿದ್ದು 427. ಹದಿಮೂರು ಪಂದ್ಯ ಗೆದ್ದ ತಂಡ ಒಟ್ಟಾರೆ ಮೂರು ಅಂಕ ಹಿಂದೆ! ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ ಮುಗಿದ ಹನ್ನೊಂದು ಪಂದ್ಯಗಳನ್ನೂ ಅವರೇ ಗೆದ್ದಿದ್ದರು. ಸೋತಾಗ ಮಾತ್ರ ಚೆನ್ನಾಗಿ ಹೊಡೆತ ತಿಂದಿದ್ದರು. ಡಲ್ಲಾಸ್ ಎದುರು 3-40. ಕೋಲ್ಟ್ಸ್ ಎದುರು ಅರ್ಧ ಆಟಕ್ಕೆ 0-33ರಿಂದ ಹಿಂದಿದ್ದವರು 39-36ರಲ್ಲಿ ಗೆದ್ದರು. ಲೀಗಿನ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ಅಂತರವನ್ನು ಅದುವರೆಗೆ ಯಾರೂ ಹಿಂದಿಕ್ಕಿ ಗೆದ್ದಿರಲಿಲ್ಲ. ನೋಡಲು ರೋಮಾಂಚನ, ನಿಜ. ಆದರೆ ಇಂಥ ಗೆಲುವು ವಾರವಾರವೂ ಸಿಗುವುದಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ, ತಮ್ಮದೇ ಊರಲ್ಲಿ, ಜೈಂಟ್ಸ್‌ಗೆ 24-31ರಿಂದ ಸೋತರು. ಮುಂದಿನ ವರ್ಷ 7 ಗೆಲುವು, 10 ಸೋಲು.

ಲೆಕ್ಕ ಹೀಗೆ. ಒಂದು ತಂಡ ಎಂಟು ಪಂದ್ಯಗಳಲ್ಲಿ 200 ಅಂಕ ಗಳಿಸಿ 160 ಕೊಟ್ಟಿದೆ ಎನ್ನೋಣ. ಪಂದ್ಯಕ್ಕೆ +5. ಎದುರಾಳಿ 168 ಗಳಿಸಿ 184 ಕೊಟ್ಟಿದೆ. ಪಂದ್ಯಕ್ಕೆ -2. ವ್ಯತ್ಯಾಸ ಏಳು. ಆಟ ಎರಡನೆಯ ತಂಡದ ಊರಲ್ಲಿದ್ದರೆ ಎರಡು ಕಳೆಯಿರಿ. ಉಳಿದದ್ದು ಐದು. ಬುಕಿಗಳ ಸಂಖ್ಯೆ ಇದರ ಹತ್ತಿರ ಇದ್ದರೆ ಮುಂದಿನ ಪಂದ್ಯಕ್ಕೆ ಹೋಗಿ. ತುಂಬಾ ದೂರ ಇದ್ದರೆ ನಿಲ್ಲಿ. ಏನೋ ಕಾರಣ ಇರುತ್ತದೆ. ಸಾಮಾನ್ಯವಾಗಿ ಅದು ಗಾಯ, ಇಲ್ಲವೇ ಇಷ್ಟು ದಿನ ಸಿಕ್ಕಿದ್ದು ಬರೀ ಬಡಪಾಯಿ ಎದುರಾಳಿಗಳು. ಸೀಸನ್ನಿನ ಮೊದಲ ನಾಲ್ಕು ವಾರ ಈ ಲೆಕ್ಕವನ್ನು ಬಹಳ ನೆಚ್ಚಬೇಡಿ. ಮೂರೇ ಪಂದ್ಯಗಳಿಂದ ಏನೂ ತಿಳಿಯುವುದಿಲ್ಲ.

ತವರಿನ ಲಾಭಕ್ಕೆ ಹಿಂದೆ ಎಲ್ಲರೂ ಮೂರು ಅಂಕ ಕೊಡುತ್ತಿದ್ದರು. ಈಗ ಅಷ್ಟು ಕೊಡುವುದು ಜಾಸ್ತಿಯಾಯಿತು, ಒಂದೂವರೆ ಎರಡು ಸಾಕು. ಕೋವಿಡ್ ಕಾಲದ 2020ರಲ್ಲಿ ಹೆಚ್ಚಿನ ಸ್ಟೇಡಿಯಂಗಳು ಖಾಲಿ ಅಥವಾ ಅರೆಖಾಲಿ ಇದ್ದವು. ಆತಿಥೇಯ ತಂಡಗಳು ಆ ಸೀಸನ್ನಿನಲ್ಲಿ 127 ಗೆದ್ದು 128 ಸೋತವು, ಒಂದು ಟೈ. ಕೆಲವು ಕಡೆ ತವರು ಎಂಬುದು ಬರೀ ಕಾಗದದ ಮೇಲಿರುತ್ತದೆ. ಲಂಡನ್‌ನಲ್ಲಿ ನಡೆಯುವ ಪಂದ್ಯದಲ್ಲಿ ಇಬ್ಬರೂ ನೆಂಟರೇ. ನ್ಯೂಯಾರ್ಕಿನ ಜೆಟ್ಸ್, ಜೈಂಟ್ಸ್ ಎರಡಕ್ಕೂ ನ್ಯೂಜೆರ್ಸಿಯ ಒಂದೇ ಸ್ಟೇಡಿಯಂ. ಅವರಿಬ್ಬರೇ ಆಡುವಾಗ ಯಾರಿಗೂ ಏನೂ ಕೊಡಬೇಡಿ.

ಶುಕ್ರವಾರ: ಗಾಯದ ಪಟ್ಟಿ

ಭಾನುವಾರ ಆಡುವ ತಂಡಗಳು ಬುಧವಾರದಿಂದ ಶುಕ್ರವಾರದವರೆಗೆ ಯಾರು ಅಭ್ಯಾಸ ಮಾಡಿದರು, ಯಾರು ಇಲ್ಲ ಎಂದು ತಿಳಿಸಲೇಬೇಕು. ಕೊನೆಗೆ ಮೂರು ದರ್ಜೆ. ‘ಔಟ್’ ಎಂದರೆ ಆಡುವುದಿಲ್ಲ. ‘ಡೌಟ್‌ಫುಲ್’ ಎಂದರೆ ಹೆಚ್ಚುಕಡಿಮೆ ಆಡುವುದಿಲ್ಲ. ‘ಕ್ವೆಶ್ಚನಬಲ್’ ಎಂದಿದ್ದರೆ ಕಾದು ನೋಡಬೇಕು. ಆಟಕ್ಕೆ 90 ನಿಮಿಷ ಮುಂಚೆ ಯಾರು ಹೊರಗೆ ಎಂಬ ಅಂತಿಮ ಪಟ್ಟಿ ಬರುತ್ತದೆ. ನಿಮ್ಮ ಪೂಲ್‌ನಲ್ಲಿ ಅಲ್ಲಿಯವರೆಗೆ ಬದಲಿಸಲು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಎಲ್ಲರಿಗಿಂತ ಮುಖ್ಯ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು, ತಂಡದ ಪ್ರತಿ ದಾಳಿ ನಡೆಸುವವನು ಅವನೇ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹೊರಗೆ ಕೂತರೆ ಸ್ಪ್ರೆಡ್ ಹಲವು ಅಂಕ ಜರುಗುತ್ತದೆ. ಅವನ ನಂತರ ನೋಡಬೇಕಾದ್ದು ಅವನನ್ನು ಕಾಯುವ ಐವರು ಲೈನ್‌ಮನ್‌ಗಳನ್ನು. ಅವರ ಹೆಸರು ಸುದ್ದಿಯಲ್ಲಿ ಬರುವುದಿಲ್ಲ. ಆದರೆ ಇಬ್ಬರು ಒಟ್ಟಿಗೆ ಇಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳುತ್ತಲೇ ಇರುತ್ತಾನೆ.

ಇಷ್ಟೆಲ್ಲ ನೋಡಿದರೂ ಆಟ ಕೈ ಕೊಡುತ್ತದೆ. 2023ರ ಸೆಪ್ಟೆಂಬರ್ 11ರಂದು ಜೆಟ್ಸ್ ತಂಡದ ಹೊಸ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಡ್ಜರ್ಸ್ ಪಂದ್ಯದಲ್ಲಿ ತಮ್ಮ ನಾಲ್ಕನೆಯ ದಾಳಿಗೇ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ಹೊರಬಿದ್ದರು. ಎದುರಿಗಿದ್ದದ್ದು ಬಫಲೋ ಬಿಲ್ಸ್. ಪಂದ್ಯ ಅಲ್ಲಿಗೇ ಮುಗಿಯಿತು ಅಂದುಕೊಂಡವರೇ ಹೆಚ್ಚು. ಬಫಲೋದ ಜಾಶ್ ಆ್ಯಲನ್ ನಾಲ್ಕು ಸಲ ಚೆಂಡು ಒಪ್ಪಿಸಿದರು, ಜೆಟ್ಸ್ ಹೆಚ್ಚುವರಿ ಅವಧಿಯಲ್ಲಿ 22-16ರಿಂದ ಗೆದ್ದಿತು. ಹೀಗೆ ಚೆಂಡು ಕೈಬಿಟ್ಟು ಹೋಗುವುದನ್ನು ಟರ್ನೋವರ್ ಎನ್ನುತ್ತಾರೆ. ಒಂದೇ ಪಂದ್ಯವನ್ನು ತಲೆಕೆಳಗು ಮಾಡುವ ಶಕ್ತಿ ಅದಕ್ಕಿದೆ, ಆದರೆ ಮುಂಚಿತವಾಗಿ ಹೇಳುವುದು ಬಹಳ ಕಷ್ಟ. ನೆಲಕ್ಕೆ ಬಿದ್ದ ಚೆಂಡು ಯಾರ ಕೈಗೆ ಸಿಗುತ್ತದೆ ಎಂಬುದು ಬಹುಮಟ್ಟಿಗೆ ಅದೃಷ್ಟ. ಹಾಗಾಗಿ ಹೋದ ವಾರ ನಾಲ್ಕು ಟರ್ನೋವರ್ ಗಿಟ್ಟಿಸಿ ಗೆದ್ದ ತಂಡವನ್ನು ಈ ವಾರ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಶನಿವಾರ: ಗಾಳಿ ಎಷ್ಟಿದೆ?

ಮಳೆ, ಹಿಮಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾಗಿ ನೋಡಬೇಕಾದ್ದು ಗಾಳಿ. ಜೋರು ಗಾಳಿಯಲ್ಲಿ ದೂರದ ಎಸೆತವೂ ಸಾಗದು, ಫೀಲ್ಡ್ ಗೋಲೂ ದಿಕ್ಕು ತಪ್ಪುತ್ತದೆ. 2021ರ ಡಿಸೆಂಬರ್ 6ರಂದು ಬಫಲೋದಲ್ಲಿ ಗಾಳಿ ಎಷ್ಟಿತ್ತೆಂದರೆ, ನ್ಯೂ ಇಂಗ್ಲೆಂಡ್ ಇಡೀ ಪಂದ್ಯದಲ್ಲಿ ಮೂರೇ ಸಲ ಚೆಂಡು ಎಸೆಯಿತು. ಉಳಿದಂತೆ ಬರೀ ಓಟ. ಗೆದ್ದದ್ದು ಅವರೇ, 14-10. ಓಟದಲ್ಲಿ ಗಟ್ಟಿಯಿರುವ ತಂಡಕ್ಕೆ ಅಂಥ ದಿನ ಸ್ವಲ್ಪ ತೂಕ ಹೆಚ್ಚಿಸಿ. ಡೆಟ್ರಾಯಿಟ್, ಮಿನಿಯಾಪೊಲಿಸ್‌ನಂಥ ಚಾವಣಿ ಇರುವ ಸ್ಟೇಡಿಯಂಗಳಲ್ಲಿ ಈ ಚಿಂತೆಯಿಲ್ಲ.

ಕೊನೆಗೆ ನಂಬಿಕೆಯ ಅಂಕ

ಕೆಲವು ಪೂಲ್‌ಗಳಲ್ಲಿ ಟಿಕ್ ಹಾಕಿದರಷ್ಟೇ ಸಾಲದು. ಬಹಳ ಖಾತ್ರಿ ಇರುವ ಪಂದ್ಯಕ್ಕೆ 16, ಅದರ ನಂತರದ್ದಕ್ಕೆ 15, ಹೀಗೆ 1ರವರೆಗೆ ಅಂಕ ಹಂಚಬೇಕು. ಆಟ ಗೆಲ್ಲುವುದು ಇಲ್ಲೇ. ದೊಡ್ಡ ಸ್ಪ್ರೆಡ್‌ನಿಂದ ಚಿಕ್ಕದಕ್ಕೆ ಜೋಡಿಸಿ, ನಿಮ್ಮ ಲೆಕ್ಕ ಬೇರೆ ಹೇಳಿದ ಕಡೆ ಒಂದೆರಡು ಮೆಟ್ಟಿಲು ಮೇಲೆ ಕೆಳಗೆ ಮಾಡಿ.

ಫೇವರಿಟ್ ಸೋಲುತ್ತದೆ ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಸ್ಪ್ರೆಡ್ 3 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಮಾತ್ರ ಆ ಆಸೆ ತೀರಿಸಿಕೊಳ್ಳಿ, ಆ ಪಂದ್ಯಕ್ಕೆ ನಂಬಿಕೆಯ ಅಂಕವನ್ನೂ ಕಡಿಮೆಯೇ ಇಡಿ. 2019ರ ಸೀಸನ್ನಿನ ಕೊನೆಯ ವಾರ ಮಯಾಮಿ ತಂಡ ನ್ಯೂ ಇಂಗ್ಲೆಂಡನ್ನು ಅದರ ಊರಲ್ಲೇ 27-24ರಿಂದ ಸೋಲಿಸಿತು. ಇಂಥವು ಆಗುತ್ತವೆ. ಅದನ್ನೇ ಹುಡುಕಿಕೊಂಡು ಹೋದರೆ ಉಳಿದ ಹತ್ತು ಕಡೆ ಅಂಕ ಕಳೆದುಕೊಳ್ಳುತ್ತೀರಿ. ಇದಕ್ಕೆ ಒಂದೇ ವಿನಾಯಿತಿ: ಸೀಸನ್ನಿನ ಕೊನೆಯಲ್ಲಿ ನೀವು ತುಂಬಾ ಹಿಂದಿದ್ದರೆ. ಮುಂದಿರುವವರು ಬರೆದದ್ದನ್ನೇ ಬರೆಯುತ್ತ ಅವರನ್ನು ಹಿಡಿಯಲು ಆಗುವುದಿಲ್ಲ.

18ನೇ ವಾರ ಮಾತ್ರ ಬೇರೆಯೇ ಲೋಕ. ಪ್ಲೇಆಫ್ ಸ್ಥಾನ ಗಟ್ಟಿ ಮಾಡಿಕೊಂಡ ತಂಡಗಳು ತಮ್ಮ ಮುಖ್ಯ ಆಟಗಾರರನ್ನು ಕೂರಿಸಿಬಿಡುತ್ತವೆ. 15 ಗೆದ್ದು ಒಂದೇ ಸೋತಿದ್ದ ಕನ್ಸಾಸ್ ಸಿಟಿ ಚೀಫ್ಸ್ 2025ರ ಜನವರಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೆ ವಿಶ್ರಾಂತಿ ಕೊಟ್ಟು ಡೆನ್ವರ್ ಎದುರು 0-38ರಿಂದ ಸೋತಿತು. ಆ ವಾರ ಅಂಕದ ವ್ಯತ್ಯಾಸದ ಲೆಕ್ಕ ಪಕ್ಕಕ್ಕಿಡಿ. ಗೆಲುವು ಯಾರಿಗೆ ಬೇಕಾಗಿದೆ ಎಂದು ನೋಡಿ, ಸಾಕು.

ಎರಡು ಚಿಕ್ಕ ವಿಷಯ ಉಳಿದಿವೆ. ಸೀಸನ್ನಿನ ಪಂದ್ಯ ಟೈ ಆಗಬಹುದು. 2022ರ ಮೊದಲ ವಾರದಲ್ಲೇ ಹ್ಯೂಸ್ಟನ್, ಇಂಡಿಯಾನಾಪೊಲಿಸ್ 20-20 ಆಡಿ ಎದ್ದುಹೋದವು. ಅಂಥ ಪಂದ್ಯಕ್ಕೆ ನಿಮ್ಮ ಪೂಲ್‌ನಲ್ಲಿ ಯಾರಿಗೆ ಅಂಕ ಎಂದು ಕೇಳಿಡಿ. ಇನ್ನೊಂದು, ಇಬ್ಬರು ಸಮ ಬಂದರೆ ಸೋಮವಾರ ರಾತ್ರಿಯ ಪಂದ್ಯದ ಒಟ್ಟು ಅಂಕ ಎಷ್ಟು ಎಂಬ ಊಹೆಯಿಂದ ತೀರ್ಮಾನ ಮಾಡುವುದು ರೂಢಿ. ಅಲ್ಲಿ 60, 70 ಎಂದು ಬಾಯಿಗೆ ಬಂದದ್ದು ಬರೆಯಬೇಡಿ. ಬುಕಿಗಳು ಒಟ್ಟು ಅಂಕಕ್ಕೂ ಒಂದು ಸಂಖ್ಯೆ ಇಟ್ಟಿರುತ್ತಾರೆ, ಸಾಮಾನ್ಯವಾಗಿ ನಲವತ್ತರಿಂದ ಐವತ್ತರ ನಡುವೆ. ಅದನ್ನೇ ಬರೆಯಿರಿ. ಬೆಂಗಳೂರಿನಿಂದ ಆಡುವವರು ಗುರುವಾರ ರಾತ್ರಿಯ ಪಂದ್ಯಕ್ಕೆ ನಮ್ಮ ಶುಕ್ರವಾರ ಬೆಳಗ್ಗೆ 5.45ರ ಒಳಗೆ ಟಿಕ್ ಹಾಕಿರಬೇಕು. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದೆ ಸರಿದ ಮೇಲೆ ಅದು 6.45.