ಅಡಿಕೆ ಸಿಪ್ಪೆಯಲ್ಲಿ ಅಣಬೆ ಹಲಗೆ ಬೆಳೆಸಿ ಮಾಡಿನಡಿಗೆ ಹಾಕಿದ್ದು

ನಮ್ಮ ಬದಿಯಡ್ಕದ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆ ರಾಶಿ ಬೀಳುತ್ತದೆ. ಸ್ವಲ್ಪ ಒಲೆಗೆ, ಸ್ವಲ್ಪ ಮರದ ಬುಡಕ್ಕೆ, ಉಳಿದದ್ದು ಸುಮ್ನೆ ಕೊಳೆಯುತ್ತದೆ. ನಾನು ಅದರಲ್ಲಿ ಹಲಗೆ ಬೆಳೆಸುತ್ತೇನೆ. ಅಂಟು ಇಲ್ಲ, ಸಿಮೆಂಟ್ ಇಲ್ಲ. ಸಿಪ್ಪೆಯನ್ನು ಬಿಗಿಯಾಗಿ ಹಿಡಿಯುವುದು ಚಿಪ್ಪಣಬೆಯ ಮೈಸೀಲಿಯಂ, ಅಂದರೆ ಅಣಬೆ ಏಳುವ ಮೊದಲು ಒಳಗೊಳಗೇ ಹಬ್ಬುವ ಬಿಳಿ ನೂಲು. ಕಾಸರಗೋಡಿನ ಸಿಪಿಸಿಆರ್‌ಐಯವರು, ಅಂದರೆ ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯವರು, ತೆಂಗಿನ ತೋಟದ ಕಸದಲ್ಲಿ ಚಿಪ್ಪಣಬೆ ಬೆಳೆಸುವ ಕ್ರಮ ರೂಪಿಸಿದ್ದಾರೆ, ನನಗೆ ದಾರಿ ಸಿಕ್ಕಿದ್ದು ಅಲ್ಲಿಂದ.

ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ರಾತ್ರಿಯಿಡೀ ನೆನೆಹಾಕಿ, ಹಂಡೆಯಲ್ಲಿ ಚೆನ್ನಾಗಿ ಬೇಯಿಸಬೇಕು. ಆರಿದ ಮೇಲೆ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು, ಜಾಸ್ತಿ ನೀರಿದ್ದರೆ ಹುಳಿ ವಾಸನೆ ಶುರುವಾಗುತ್ತದೆ. ಅಣಬೆ ಬೀಜ ಬೆರೆಸಿ, ಪ್ಲಾಸ್ಟಿಕ್ ಹಾಸಿದ ಮರದ ಅಚ್ಚಿಗೆ ಒತ್ತಿ ತುಂಬಿ, ಕತ್ತಲೆ ಕೋಣೆಯಲ್ಲಿ ಮುಚ್ಚಿಡುತ್ತೇನೆ. 25ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ಎಲ್ಲಾದರೂ ಹಸಿರು ಬೂಷ್ಟು ಕಂಡರೆ ಆ ಅಚ್ಚನ್ನು ಇಡಿಯಾಗಿ ಹೊರಗೆ ಹಾಕಬೇಕು, ಕೆರೆದು ತೆಗೆದರೆ ಸಾಲದು.

ಪೂರ್ತಿ ಬೆಳ್ಳಗಾದ ಹಲಗೆ ಮುಟ್ಟಿದರೆ ಮೆತ್ತಗಿನ ಚರ್ಮದ ಹಾಗೆ. ಅದನ್ನು ಕೊಬ್ಬರಿ ಒಣಗಿಸುವ ಗೂಡಿನಲ್ಲಿ 60, 70 ಡಿಗ್ರಿ ಬಿಸಿಯಲ್ಲಿ ಒಳಗಿನವರೆಗೆ ಒಣಗಿಸುತ್ತೇನೆ. ಆಗ ಅಣಬೆ ಸಾಯುತ್ತದೆ, ಹಲಗೆ ಹಗುರವಾಗುತ್ತದೆ. "ಅಣ್ಣಾ, ಮಳೆಗಾಲದಲ್ಲಿ ಮಾಡಿನಡಿ ಅಣಬೆ ಏಳುವುದಿಲ್ವಾ?" ಅಂತ ನೆರೆಮನೆಯವನು ಕೇಳಿದ. ಸರಿಯಾಗಿ ಒಣಗಿಸಿದ್ದರೆ ಏಳುವುದಿಲ್ಲ.

ಆ ಹಲಗೆಗಳನ್ನು ನಮ್ಮ ಟೆರೇಸಿನ ತಗಡು ಶೀಟಿನ ಅಡಿಗೆ, ಗಾಳಿಯಾಡಲು ಸಂದು ಬಿಟ್ಟು ಕೂರಿಸಿದ್ದೇನೆ. ಆಟಿ ತಿಂಗಳ ಮಳೆ ಶೀಟಿಗೆ ಬಡಿಯುವಾಗ ಮೊದಲು ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ, ಈಗ ಫೋನಿನಲ್ಲಿ ಮಾತಾಡಬಹುದು. ಎಪ್ರಿಲಿನ ಮಧ್ಯಾಹ್ನವೂ ಅಲ್ಲಿ ಕೂರಬಹುದು.

2014ರಲ್ಲಿ ನ್ಯೂಯಾರ್ಕಿನಲ್ಲಿ ವಾಸ್ತುಶಿಲ್ಪಿ ಡೇವಿಡ್ ಬೆಂಜಮಿನ್ ಅವರ ತಂಡ ಜೋಳದ ದಂಟಿನ ಕಸ ಮತ್ತು ಮೈಸೀಲಿಯಂನಿಂದ ಬೆಳೆಸಿದ ಸುಮಾರು 10,000 ಇಟ್ಟಿಗೆಗಳಲ್ಲಿ ಗೋಪುರವನ್ನೇ ಕಟ್ಟಿತ್ತು, ಬೇಸಿಗೆ ಮುಗಿದ ಮೇಲೆ ಬಿಚ್ಚಿ ಗೊಬ್ಬರ ಮಾಡಿದರು. ನೋಡಲು ಚಂದ. ಆದರೆ ನಮ್ಮ ಮಳೆಗೆ ಹೊರಗೋಡೆ ಇದರಿಂದ ಬೇಡವೇ ಬೇಡ, ನೀರು ಹೀರುತ್ತದೆ, ಭಾರವನ್ನೂ ಹೊರುವುದಿಲ್ಲ. ಗೋಡೆಗೆ ನಮ್ಮ ಕೆಂಪು ಮುರಕಲ್ಲು ಇದೆಯಲ್ಲಾ. ಮುಂದೆ ಪೇಟೆಯ ಕಟ್ಟಡಗಳಲ್ಲಿ ಇದಕ್ಕೆ ಜಾಗ ಇರುವುದು ಒಳಗೆ, ಈಗ ಥರ್ಮೊಕೋಲ್ ತುಂಬುವ ಕಡೆ. ಮಂಗಳೂರಿನ ಆಫೀಸುಗಳ ಫಾಲ್ಸ್ ಸೀಲಿಂಗಿಗೆ ಸಾಮಾನ್ಯವಾಗಿ 2 ಅಡಿಗೆ 2 ಅಡಿಯ ಚೌಕ ಹಾಕುತ್ತಾರೆ. ಬಡಗಿಯ ಹತ್ತಿರ ಅದೇ ಅಳತೆಯ ಅಚ್ಚು ಮಾಡಿಸಿದ್ದೇನೆ.