ತಕ್ಕಡಿಯ ಮೇಲೊಂದು ಸುರುಳಿ

‘ಒಳಗೆ ಕಬ್ಬಿಣವೇ ಇಲ್ಲ. ಇದು ಏನನ್ನು ಎಳೆಯುತ್ತದೆ, ಮೇಷ್ಟ್ರೇ?’ ದಾವಣಗೆರೆಯ ಪಿ.ಬಿ. ರಸ್ತೆಯ ಹತ್ತಿರ ಬೋರ್‌ವೆಲ್ ಮೋಟರುಗಳಿಗೆ ರಿವೈಂಡಿಂಗ್ ಮಾಡುವ ಗೆಳೆಯ ನನಗೆ ಎರಡು ಸುರುಳಿ ಸುತ್ತಿಕೊಡುತ್ತ ಕೇಳಿದ. 90 ಮಿ.ಮೀ. ಪಿವಿಸಿ ಪೈಪಿನ ತುಂಡುಗಳ ಮೇಲೆ 20 ಗೇಜ್ ತಾಮ್ರದ ತಂತಿ, ತಲಾ 200 ಸುತ್ತು.

ಡಿಪ್ಲೊಮಾ ತರಗತಿಯಲ್ಲಿ ಎರಡು ಸೂತ್ರ ಬರೆದಿದ್ದೆ. ಎರಡೂ ಸುರುಳಿಗಳ ಪ್ರವಾಹವನ್ನು, ದೂರದೊಂದಿಗೆ ಪರಸ್ಪರ ಪ್ರೇರಕತೆ (ಒಂದರ ಪ್ರವಾಹ ಬದಲಾದಾಗ ಇನ್ನೊಂದರಲ್ಲಿ ಎಷ್ಟು ವೋಲ್ಟೇಜ್ ಹುಟ್ಟುತ್ತದೆ ಎಂಬುದರ ಅಳತೆ, ಹೆನ್ರಿಗಳಲ್ಲಿ) ಬದಲಾಗುವ ದರದಿಂದ ಗುಣಿಸಿದರೆ ಅವುಗಳ ನಡುವಿನ ಬಲ. ಒಂದರ ಪ್ರವಾಹವನ್ನು ವೇಗದಿಂದಲೂ ಅದೇ ದರದಿಂದಲೂ ಗುಣಿಸಿದರೆ ಇನ್ನೊಂದರಲ್ಲಿ ಹುಟ್ಟುವ ವೋಲ್ಟೇಜ್. ‘ಅದೇ ದರ ಎರಡು ಕಡೆ ಹೇಗೆ ಬಂತು ಸರ್?’ ಎಂದಳು ಒಬ್ಬ ವಿದ್ಯಾರ್ಥಿನಿ. ಗಣಿತದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅಳೆದೇ ತೋರಿಸಲು ಹೊರಟೆ.

ಮೊದಲು ದರ. ಒಂದು ಸುರುಳಿಗೆ 50 ಹರ್ಟ್ಸ್‌ನ 1 ಆಂಪಿಯರ್ ಕೊಟ್ಟು ಇನ್ನೊಂದಕ್ಕೆ ಮಲ್ಟಿಮೀಟರ್ ಹಿಡಿದೆ. ನಡುವಿನ ದೂರ 4 ಸೆಂ.ಮೀ. ಇದ್ದಾಗ 0.42 ವೋಲ್ಟ್, 6 ಸೆಂ.ಮೀ.ಗೆ 0.235. 314ರಿಂದ (50 ಹರ್ಟ್ಸ್‌ನ 2π ಪಟ್ಟು) ಭಾಗಿಸಿದರೆ 1.34 ಮತ್ತು 0.75 ಮಿಲಿಹೆನ್ರಿ. ಅಂದರೆ 5 ಸೆಂ.ಮೀ. ಆಸುಪಾಸಿನಲ್ಲಿ ದರ ಮೀಟರಿಗೆ 0.0295 ಹೆನ್ರಿ.

ಬಲ ಅಳೆಯುವುದರಲ್ಲಿ ಎರಡು ದಿನ ಹೋಯಿತು. ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಥರ್ಮೋಕೋಲ್ ದಿಮ್ಮಿ, ಅದರ ಮೇಲೆ ಒಂದು ಸುರುಳಿ, 5 ಸೆಂ.ಮೀ. ಮೇಲೆ ಮರದ ಚೌಕಟ್ಟಿಗೆ ಕಟ್ಟಿದ ಇನ್ನೊಂದು. ಅಂಕಿ ನಿಲ್ಲುತ್ತಲೇ ಇರಲಿಲ್ಲ. ಪ್ರವಾಹ ಕೊಡುವ ದಪ್ಪ ತಂತಿಗಳು ಸ್ಪ್ರಿಂಗಿನಂತೆ ಸುರುಳಿಯನ್ನು ಜಗ್ಗುತ್ತಿದ್ದವು, ಬಿಸಿಯಾದಂತೆ ಜಗ್ಗಾಟವೂ ಬದಲಾಗುತ್ತಿತ್ತು. ಕೂದಲಿನಂಥ ಎಳೆಗಳ ಮೆತ್ತನೆಯ ತಂತಿಯನ್ನು ಸಡಿಲವಾಗಿ ಇಳಿಬಿಟ್ಟ ಮೇಲೆ ಸರಿಹೋಯಿತು. ಎರಡೂ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿ 2 ಆಂಪಿಯರ್ ಹರಿಸಿದಾಗ ತೂಕ 12 ಗ್ರಾಂ ಇಳಿಯಿತು. ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿದರೆ ಅಷ್ಟೇ ಏರಿತು. ಬಲ 0.118 ನ್ಯೂಟನ್. ಎರಡು ಪ್ರವಾಹಗಳ ಗುಣಲಬ್ಧ 4ರಿಂದ ಭಾಗಿಸಿದೆ: ದರ 0.0294.

ವೋಲ್ಟೇಜಿಗೆ ಗುಜರಿಯಿಂದ ತಂದ ಕಾರಿನ ವೈಪರ್ ಮೋಟರ್ ಒದಗಿತು. 1 ಸೆಂ.ಮೀ. ಕ್ರ್ಯಾಂಕ್, ನಿಮಿಷಕ್ಕೆ 45 ಸುತ್ತು, ಒಂದು ಸುರುಳಿಯನ್ನು ಮೇಲೆ ಕೆಳಗೆ ಆಡಿಸಲು ಉದ್ದನೆಯ ಮರದ ಕೋಲು. ಸ್ಥಿರ ಸುರುಳಿಯಲ್ಲಿ 2 ಆಂಪಿಯರ್ ನೇರ ಪ್ರವಾಹ. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಮೊದಲು ಕಂಡದ್ದು ಬರೀ ಮನೆ ಕರೆಂಟಿನ ಗದ್ದಲ. ತಂತಿಗಳನ್ನು ಹೆಣೆದು, ಟ್ಯೂಬ್‌ಲೈಟ್ ಆರಿಸಿ, ಅನೇಕ ಸುತ್ತುಗಳ ಸರಾಸರಿ ತೆಗೆದಾಗ ಅಲೆ ಮೂಡಿತು. ಸುರುಳಿಗಳು ಹತ್ತಿರವಾಗುವ ಕಡೆಗೆ ಅದು ವಾಲಿತ್ತು. ಅಲ್ಲಿ ದರ ಹೆಚ್ಚು. ನಟ್ಟನಡುವಿನ ಸ್ಥಾನ ದಾಟುವಾಗ ವೇಗ ಸೆಕೆಂಡಿಗೆ 4.7 ಸೆಂ.ಮೀ., ವೋಲ್ಟೇಜ್ 2.75 ಮಿಲಿವೋಲ್ಟ್. ದರ 0.0292.

ಇಂಗ್ಲೆಂಡಿನ ಭೌತವಿಜ್ಞಾನಿ ಬ್ರಯಾನ್ ಕಿಬಲ್ 1975ರಲ್ಲಿ ಸೂಚಿಸಿದ ತಕ್ಕಡಿಯ ಗುಟ್ಟೂ ಇದೇ: ಅದೇ ಸುರುಳಿಯನ್ನು ಒಮ್ಮೆ ತೂಗು, ಒಮ್ಮೆ ಚಲಿಸು. ಸುರುಳಿ ಎಷ್ಟೇ ಸೊಟ್ಟಗಿರಲಿ, ಎರಡು ಅಳತೆಗಳಲ್ಲೂ ಅದೇ ಸೊಟ್ಟು ಇರುವುದರಿಂದ ಲೆಕ್ಕದಲ್ಲಿ ಅದು ಹೊಡೆದುಹೋಗುತ್ತದೆ. 2019ರ ಮೇ 20ರಿಂದ ಕಿಲೋಗ್ರಾಂ, ಪ್ರಕೃತಿಯ ಬದಲಾಗದ ಅಂಕಿಗಳಲ್ಲೊಂದಾದ ಪ್ಲಾಂಕ್ ಸ್ಥಿರಾಂಕಕ್ಕೆ ಬದ್ಧವಾಗಿದೆ. ಆ ಸ್ಥಿರಾಂಕದಿಂದ ತೂಕಕ್ಕೆ ಬರುವ ಒಂದು ದಾರಿ ಈ ತಕ್ಕಡಿ.

ಮೂರು ಅಂಕಿಗಳನ್ನೂ ಆ ವಿದ್ಯಾರ್ಥಿನಿಯೇ ಹಲಗೆಯ ಮೇಲೆ ಬರೆದಳು. ಆಮೇಲೆ ತುದಿಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ತೂಗಿ ನೋಡಿದಳು.